ಅನುಕರಣವೂ ಅನುಕೀರ್ತನವೂ

ಆಂಗ್ಲ ಗಾಯಕನಾದ ಎಲ್ವಿಸ್ ಕಾಸ್ಟೆಲೋ ತನ್ನ ‘ಅಟ್ರ್ಯಾಕ್ಷನ್ಸ್’ ಎಂಬ ರಾಕ್ ಮೇಳದೊಡನೆ 1981ರಲ್ಲಿ ಅಮೆರಿಕದ ನ್ಯಾಷ್‌ವಿಲ್ ನಗರಕ್ಕೆ ಹೋಗಿ, ಹಳೆಯ ‘ಕಂಟ್ರಿ’ ಹಾಡುಗಳನ್ನು ‘ಆಲ್ಮೋಸ್ಟ್ ಬ್ಲೂ’ ಎಂಬ ಹೆಸರಿನಿಂದ ಧ್ವನಿಮುದ್ರಿಸಿದನು. ನಾಟ್ಯವು ಅನುಕರಣವಲ್ಲ, ಅನುಕೀರ್ತನವೆಂದು ಅಭಿನವಗುಪ್ತಪಾದರು ಸಾಧಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆ ನಿಕಷವನ್ನು ಈ ಗಾನಕ್ಕೂ ಒಡ್ಡಬಹುದು.

ಹ್ಯಾಂಕ್ ವಿಲಿಯಮ್ಸನ 1950ರ ‘ವೈ ಡೋಂಟ್ ಯು ಲವ್ ಮಿ’ ಎಂಬ ಹಾಡಿನಲ್ಲಿ ನಗೆಯೊಳಗೆ ಅಡಗಿದ ಅಳಲುಂಟು. ಈ ಮೇಳವು ಅದರ ಲಯವನ್ನು ಅತಿದ್ರುತಗೊಳಿಸಿದೆ. ಅನುಕರಣದೋಷವೇನೋ ತಪ್ಪಿತು, ಆದರೆ ಅಳಲೂ ತಪ್ಪಿತು. ಜಾರ್ಜ್ ಜೋನ್ಸನು 1970ರಲ್ಲಿ ಹಾಡಿದ್ದ ‘ಎ ಗುಡ್ ಇಯರ್ ಫಾರ್ ದ ರೋಸಸ್’ ಎಂಬುದರಲ್ಲಾದರೋ, ಗುಲಾಬಿಗಳು ಅರಳಿರಲು ದಾಂಪತ್ಯವು ಮುರಿದ ಶೋಕವನ್ನು ಕಾಸ್ಟೆಲೋ ಮೂಲದ ವಿಲಂಬಗತಿಯನ್ನು ಬಿಡದೆ, ತನ್ನ ಕಂಠದಲ್ಲಿಯೇ ಹಾಡಿದ್ದಾನೆ. ಇದೇ ಅನುಕೀರ್ತನವು. ಮೂಲದಿಂದ ದೂರ ಸರಿದ ಹಾಡು ಪರಕೀಯವಾಗಿಯೇ ಉಳಿಯಿತು. ಸಮೀಪದಲ್ಲಿ ನಿಂತುದು ಸ್ವಕೀಯವಾಯಿತು.