ಬಿರಡೆ ಮಗುವಿನ ಕೈಗೆ ಬರಲಿ

ಶನಿವಾರ ಬೆಳಗ್ಗೆ ಬಸವನಗುಡಿ, ಮಲ್ಲೇಶ್ವರ, ಜಯನಗರಗಳ ಒಳರಸ್ತೆಗಳಲ್ಲಿ ನಡೆದರೆ ಯಾವುದಾದರೂ ಮನೆಯ ಮಹಡಿಯಿಂದ ಪಿಟೀಲಿನ ಸರಳೆ ವರಸೆ ಕೇಳಿಯೇ ಕೇಳುತ್ತದೆ. ಒಳಗೆ ಐದಾರು ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತಿರುತ್ತಾರೆ. ಪಾಠ ಶುರುವಾಗುವ ಮೊದಲು ಮೇಷ್ಟ್ರು ಒಬ್ಬೊಬ್ಬರ ಪಿಟೀಲನ್ನೂ ಕೈಗೆ ತೆಗೆದುಕೊಂಡು, ಬಿರಡೆ ತಿರುಗಿಸಿ, ಶ್ರುತಿ ಮಾಡಿ ವಾಪಸು ಕೊಡುತ್ತಾರೆ. ಒಂದು ವಾದ್ಯಕ್ಕೆ ಎರಡು ನಿಮಿಷ ಎಂದರೂ ಒಂದು ಗಂಟೆಯ ಪಾಠದಲ್ಲಿ ಹತ್ತು ಹನ್ನೆರಡು ನಿಮಿಷ ಅದಕ್ಕೇ ಹೋಯಿತು. ಅಷ್ಟು ಹೊತ್ತು ಮಕ್ಕಳು ಕಿಟಕಿಯಾಚೆ ನೋಡುತ್ತಾರೆ, ಕಮಾನಿಗೆ ರಾಳ ಉಜ್ಜುತ್ತಾರೆ, ಪಕ್ಕದವಳ ಜಡೆ ಎಳೆಯುತ್ತಾರೆ. ಇಡೀ ವಾರದ ಅತಿ ಮುಖ್ಯ ಪಾಠ ಆ ಹತ್ತು ನಿಮಿಷದಲ್ಲಿ ಅವರ ಕಣ್ಣೆದುರೇ ನಡೆದುಹೋಗುತ್ತಿದೆ. ಅದೂ ಪಾಠವೇ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ.

ಸೋಮವಾರದ ಹೊತ್ತಿಗೆ ತಂತಿ ಇಳಿದಿರುತ್ತದೆ. ಫೆಬ್ರವರಿ, ಮಾರ್ಚಿಯ ಒಣಹವೆಯಲ್ಲಿ ಬಿರಡೆ ಕುಗ್ಗಿ ಜಾರುತ್ತದೆ, ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಮನೆಯಲ್ಲಿ ಅದನ್ನು ಮುಟ್ಟಲು ಎಲ್ಲರಿಗೂ ಭಯ. "ಮಿಸ್ ಬೈತಾರೆ, ಹಾಗೇ ಇಡು" ಎನ್ನುತ್ತಾಳೆ ಅಮ್ಮ. ಮುಂದಿನ ಶನಿವಾರದವರೆಗೆ ಮಗು ಇಳಿದ ತಂತಿಯ ಮೇಲೆಯೇ ಅಭ್ಯಾಸ ಮಾಡುತ್ತದೆ, ಇಲ್ಲವೇ ಪಿಟೀಲು ಪೆಟ್ಟಿಗೆ ಸೇರುತ್ತದೆ. ನಾಲ್ಕು ವರ್ಷ ಕಲಿತು, ಜೂನಿಯರ್ ಪರೀಕ್ಷೆಯಲ್ಲಿ ಒಳ್ಳೆಯ ದರ್ಜೆ ಪಡೆದು, ವರ್ಣವನ್ನು ಎರಡು ಕಾಲದಲ್ಲಿ ನುಡಿಸಬಲ್ಲ ಮಕ್ಕಳನ್ನು ಕಂಡಿದ್ದೇನೆ. ಅವರಲ್ಲಿ ಎಷ್ಟೋ ಮಂದಿಗೆ ತಮ್ಮ ವಾದ್ಯವನ್ನು ತಾವೇ ಶ್ರುತಿ ಮಾಡಲು ಬರುವುದಿಲ್ಲ. ನಮ್ಮ ವಾದ್ಯಶಿಕ್ಷಣದ ಎಲ್ಲ ಕೊರತೆಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಮೇಷ್ಟ್ರುಗಳನ್ನು ದೂರಲು ಈ ಮಾತು ಹೇಳುತ್ತಿಲ್ಲ. ಈ ವಾರ ಹೊಸ ವರಸೆ ಆಯಿತೇ, ಗೀತೆ ಯಾವಾಗ ಎಂದು ಅಪ್ಪ ಅಮ್ಮ ಬಾಗಿಲಲ್ಲೇ ನಿಂತು ಕೇಳುವಾಗ, ಬಿರಡೆ ಹಿಡಿಸಿ ಒಂದು ತಿಂಗಳು ಕಳೆಯುವ ಧೈರ್ಯ ಎಷ್ಟು ಜನ ಮಾಡಿಯಾರು?

ಪಿಟೀಲು ನಮ್ಮದಾದ ಬಗೆಯನ್ನೇ ನೋಡಿ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯರ ಬ್ಯಾಂಡಿನ ಸಂಗೀತ ಕೇಳಿ ಪಿಟೀಲು ಕಲಿತರು. ಮರ ಬದಲಾಗಲಿಲ್ಲ, ಕಮಾನು ಬದಲಾಗಲಿಲ್ಲ. ನಿಂತು ನುಡಿಸುತ್ತಿದ್ದುದನ್ನು ನಮ್ಮವರು ಚಕ್ಕಳಮಕ್ಕಳ ಹಾಕಿ ಕೂತು, ಅದರ ತಲೆಯನ್ನು ಬಲ ಪಾದದ ಮೇಲಿಟ್ಟು ನುಡಿಸಿದರು. ಅದಕ್ಕಿಂತ ದೊಡ್ಡ ಬದಲಾವಣೆ ಆದದ್ದು ತಂತಿಗಳ ಶ್ರುತಿಯಲ್ಲಿ. ಪಶ್ಚಿಮದಲ್ಲಿ ನಾಲ್ಕೂ ತಂತಿಗಳು ಒಂದರ ಮೇಲೊಂದು ಪಂಚಮದ ಅಂತರದಲ್ಲಿ ಏರುತ್ತವೆ. ಇಲ್ಲಿ ಸ-ಪ-ಸ-ಪ ಎಂದು ಕೂತವು. ಬಿರಡೆಯ ಆ ತಿರುವಿನಿಂದ ಪರದೇಶದ ವಾದ್ಯ ನಮ್ಮ ಸಂಗೀತಕ್ಕೆ ಒಗ್ಗಿತು. ಮುಂದೆ ತಿರುಮಕೂಡಲಿನ ಟಿ. ಚೌಡಯ್ಯನವರು, ಧ್ವನಿವರ್ಧಕವಿಲ್ಲದ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂದು, 1927ರ ಸುಮಾರಿಗೆ ಮತ್ತೆ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಹಿಡಿದರು. ಏಳನ್ನೂ ಕಛೇರಿಯುದ್ದಕ್ಕೂ ಒಂದಕ್ಕೊಂದು ಕೂಡಿಸಿಕೊಂಡು ಹೋಗಲು ಆ ಕಿವಿ ಎಂಥದ್ದಿರಬೇಕು!

ಮಗುವಿನ ಮೊದಲ ವರ್ಷಕ್ಕೆ ಈ ಸ-ಪ-ಸ-ಪ ಎಷ್ಟು ಮುಖ್ಯವೆಂಬುದು ಸರಳೆ ವರಸೆಯಲ್ಲೇ ಗೊತ್ತಾಗುತ್ತದೆ. ಪುರಂದರದಾಸರು ಹಾಕಿಕೊಟ್ಟದ್ದೆಂದು ನಾವು ನಂಬಿರುವ ಅಭ್ಯಾಸಕ್ರಮ ಶುರುವಾಗುವುದು 15ನೆಯ ಮೇಳವಾದ ಮಾಯಾಮಾಳವಗೌಳದಲ್ಲಿ. ಆ ರಾಗದ ಸ-ರಿ-ಗ-ಮ ಹೇಗಿದೆಯೋ ಪ-ದ-ನಿ-ಸ ಕೂಡ ಹಾಗೆಯೇ ಇದೆ, ಸ್ವರಗಳ ನಡುವಿನ ಅಂತರ ಅದೇ. ಅಂದರೆ ಷಡ್ಜದ ತಂತಿಯ ಮೇಲೆ ಬೆರಳು ಎಲ್ಲೆಲ್ಲಿ ಬಿದ್ದಿತೋ ಪಂಚಮದ ತಂತಿಯ ಮೇಲೂ ಅಲ್ಲಲ್ಲೇ ಬೀಳಬೇಕು. ಎಳೆಯ ಕೈಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ: ಅರ್ಧ ಕಲಿತರೆ ಪೂರ್ತಿ ಬಂತು. ಆದರೆ ಪಂಚಮದ ತಂತಿ ಸ್ವಲ್ಪ ಇಳಿದಿದ್ದರೆ ಈ ಅನುಕೂಲವೇ ತಿರುಗಿ ಬೀಳುತ್ತದೆ. ಕಿವಿ ಚುರುಕಾದ ಮಗು ಅಪಸ್ವರ ಗುರುತಿಸಿ, ಬೆರಳನ್ನು ಒಂದು ಕೂದಲೆಳೆಯಷ್ಟು ಮುಂದೆ ಸರಿಸಿ ಹೊಂದಿಸಿಕೊಳ್ಳುತ್ತದೆ. ಆರು ದಿನ ಹಾಗೆ ಹೊಂದಿಸಿದ ಬೆರಳು, ಶನಿವಾರ ಮೇಷ್ಟ್ರು ಸರಿಯಾಗಿ ಶ್ರುತಿ ಮಾಡಿಕೊಟ್ಟ ಪಿಟೀಲಿನ ಮೇಲೆ ತಪ್ಪು ಜಾಗದಲ್ಲಿ ಕೂರುತ್ತದೆ. "ಕೈ ಇನ್ನೂ ಕೂತಿಲ್ಲ" ಎಂಬ ಮಾತು ಬರುತ್ತದೆ. ಕೈಯದೇನೂ ತಪ್ಪಿಲ್ಲ. ಒಳ್ಳೆಯ ಕಿವಿಯಿದ್ದ ಮಗುವೇ ಹೆಚ್ಚು ಬೈಸಿಕೊಳ್ಳುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಶ್ರುತಿ ಸೇರುವುದನ್ನು ಕೇಳಿಸುವುದು ಕಷ್ಟವಲ್ಲ. ಷಡ್ಜ ಪಂಚಮ ಎರಡೂ ತಂತಿಗಳ ಮೇಲೆ ಕಮಾನನ್ನು ಒಟ್ಟಿಗೆ ಎಳೆಯಿರಿ. ಕೂಡದಿದ್ದಾಗ ನಾದದೊಳಗೆ ಒಂದು ಅಲೆ ಏಳುತ್ತದೆ, ವಾವ್-ವಾವ್ ಎಂದು. ಷಡ್ಜದ ತಂತಿ ಸೆಕೆಂಡಿಗೆ 280 ಸಲ ಕಂಪಿಸುತ್ತಿದ್ದರೆ ಪಂಚಮ 420 ಸಲ ಕಂಪಿಸಬೇಕು. ಆಗ ಮೊದಲಿನದರ ಮೂರನೆಯ ಅನುಸ್ವರವೂ ಎರಡನೆಯದರ ಎರಡನೆಯ ಅನುಸ್ವರವೂ 840ಕ್ಕೆ ಬಂದು ಒಂದಾಗುತ್ತವೆ. ಪಂಚಮ 421 ಆಯಿತೋ, ಸೆಕೆಂಡಿಗೆ ಎರಡು ಅಲೆ. ಬಿರಡೆ ಸರಿಯಾದ ಕಡೆಗೆ ತಿರುಗಿದರೆ ಅಲೆ ನಿಧಾನವಾಗುತ್ತ ಹೋಗಿ ಅಳಿಯುತ್ತದೆ, ತಪ್ಪು ಕಡೆಗೆ ತಿರುಗಿದರೆ ವೇಗ ಹೆಚ್ಚುತ್ತದೆ. ಏಳೆಂಟು ವರ್ಷದ ಮಗುವಿಗೆ ಈ ಲೆಕ್ಕ ಬೇಡ. ಅಲೆ ನಿಲ್ಲಿಸು ಎಂದರೆ ಸಾಕು, ಅದಕ್ಕೆ ಆಟ ಸಿಕ್ಕಂತಾಗುತ್ತದೆ.

ಈ ಆಟವನ್ನು ಮೊಬೈಲಿನ ಟ್ಯೂನರ್ ಕಸಿದುಕೊಂಡಿದೆ. ಮುಳ್ಳು ನಡುವಿಗೆ ಬಂತು, ಹಸಿರು ದೀಪ ಹತ್ತಿತು, ಶ್ರುತಿ ಸೇರಿತು. ಮಗು ಕೆಲಸ ಮಾಡಿದ್ದು ಕಣ್ಣಿನಿಂದ. ಶ್ರುತಿಪೆಟ್ಟಿಗೆಯ ವಿಷಯ ಬೇರೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ಶ್ರುತಿ, ತಂಬೂರಿಗಳನ್ನು ರೂಪಿಸಿದ ಮೇಲೆ ತಂಬೂರಿ ಕೊಳ್ಳಲಾಗದ, ಮೀಟುವವರಿಲ್ಲದ ಸಾವಿರಾರು ಮನೆಗಳಲ್ಲಿ ಆಧಾರ ಷಡ್ಜ ನೆಲೆಸಿತು. ಅದು ನಾದ ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಸೇರಿತೋ ಇಲ್ಲವೋ ಎಂಬುದು ಮಗುವಿನ ಕಿವಿಗೇ ಬಿಟ್ಟದ್ದು. ಮನೆಗೆ ಬರುವ ಮೊದಲ ವಾದ್ಯ ಕೀಬೋರ್ಡ್ ಆಗುವುದು ಬೇಡ ಎಂದು ನಾನು ತಂದೆತಾಯಂದಿರಿಗೆ ಹೇಳುವುದೂ ಇದಕ್ಕೇ. ಅದರ ಸ್ವರಗಳು ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತವೆ.

ಕಣ್ಣಿನ ನೆರವೇ ಇಲ್ಲದೆ ವಾದ್ಯ ಕಲಿಸಿದ ದೊಡ್ಡ ಪರಂಪರೆ ನಮ್ಮಲ್ಲೇ ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು ಹುಟ್ಟುಕುರುಡರು, ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿ ಬಲ್ಲವರು. ಅವರ ನಂತರ ಆಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳು ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. 2010ರಲ್ಲಿ ತೀರಿಕೊಳ್ಳುವವರೆಗೂ ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಹೀಗೆ ಹಲವು ವಾದ್ಯಗಳಿಗೆ ಗುರುವಾಗಿದ್ದರು. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ, ಜಾತಿ ಕೇಳದೆ ಅನ್ನ, ವಸತಿ, ಸಂಗೀತ. ಆಶ್ರಮದ ಖರ್ಚಿಗೆ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದ ಗುರುಗಳು ಅವರು. ಅಂಥ ಕಡೆ ತಬಲಾ ಕಲಿಯುವ ಹುಡುಗನ ಮುಂದೆ ಹಸಿರು ದೀಪವಿಲ್ಲ, ಬರೆದಿಟ್ಟ ಸ್ವರಲಿಪಿಯಿಲ್ಲ. ಎಡಗೈ ಬೆರಳಿನಿಂದ ಅಂಚು ತಡವಿ, ಹದಿನಾರು ಮನೆಗಳಲ್ಲಿ ಯಾವುದು ಇಳಿದಿದೆ ಎಂದು ತಟ್ಟಿ ಕೇಳಿ, ಸುತ್ತಿಗೆಯಿಂದ ಏರಿಸಿ, ಮತ್ತೆ ಕೇಳಬೇಕು. ಬೇರೆ ದಾರಿಯಿಲ್ಲದ್ದರಿಂದ ಅಲ್ಲಿ ಶ್ರುತಿಯೇ ಮೊದಲ ಪಾಠವಾಗುತ್ತದೆ. ಕಣ್ಣಿರುವ ನಮ್ಮ ಮಕ್ಕಳಿಗೆ ಆ ಶಿಕ್ಷಣ ಏಕೆ ದಕ್ಕಬಾರದು?

ಇನ್ನು ಶಾಲೆಗಳ ಮಾತು. ನಲವತ್ತು ಮಕ್ಕಳು, ನಲವತ್ತು ನಿಮಿಷ, ವಾರಕ್ಕೊಂದು ಪೀರಿಯಡ್. ಇದರಲ್ಲಿ ಪ್ರತಿ ಮಗುವಿಗೂ ಒಂದು ವಾದ್ಯ ಕಲಿಸುತ್ತೇವೆಂದು ಜಾಹೀರಾತು ಕೊಡುವ ಶಾಲೆಗಳಿಗಿಂತ, ಸಂಗೀತದ ಕೋಣೆಯಲ್ಲಿ ಒಂದೇ ಒಂದು ನಿಜವಾದ ತಂಬೂರಿ ಇಟ್ಟ ಶಾಲೆಯ ಮೇಲೆ ನನಗೆ ಭರವಸೆ ಹೆಚ್ಚು. ಮಿರಜಿನಿಂದ ತರಿಸಿದ ಒಂದು ತಂಬೂರಿ ಹತ್ತಾರು ವರ್ಷ ಬಾಳುತ್ತದೆ. ನಾಲ್ಕು ತಂತಿ: ಪಂಚಮ, ಎರಡು ಸಾರಣೆ, ಮಂದ್ರ. ವಾರಕ್ಕೆ ಇಬ್ಬರು ಮಕ್ಕಳು ಎಲ್ಲರೆದುರು ಅದನ್ನು ಶ್ರುತಿ ಮಾಡಲಿ. ಮಿಕ್ಕವರು ಕಣ್ಣು ಮುಚ್ಚಿ, ಸೇರಿತು ಅನ್ನಿಸಿದಾಗ ಕೈ ಎತ್ತಲಿ. ಮೊದಲ ವಾರ ಕೈಗಳು ಎಲ್ಲೆಲ್ಲೋ ಏಳುತ್ತವೆ. ದಿನ ಕಳೆದಂತೆ ಒಟ್ಟಿಗೇ ಏಳತೊಡಗುತ್ತವೆ. ಕುದುರೆಯ ಮೇಲೆ ತಂತಿಯ ಕೆಳಗಿನ ಹತ್ತಿಯ ಎಳೆಯನ್ನು ಸರಿಸಿ ನಾದ ಅರಳುವುದನ್ನು ತೋರಿಸಿದರೆ ತರಗತಿಯಲ್ಲಿ ಗಲಾಟೆ ತಾನಾಗಿ ನಿಲ್ಲುತ್ತದೆ. ಆಮೇಲೆ ಮಂದ್ರದ ತಂತಿಯೊಂದನ್ನೇ ಮೀಟಿ ಕಾಯಿರಿ. ಷಡ್ಜದೊಳಗಿಂದ ಯಾರೂ ನುಡಿಸದ ಅಂತರ ಗಾಂಧಾರ ಹೊರಬರುತ್ತದೆ. ಬಲ್ಲವರು ಅದನ್ನು ಸ್ವಯಂಭು ಎನ್ನುತ್ತಾರೆ. ಮಾಯಾಮಾಳವಗೌಳದ ಗಾಂಧಾರವೂ ಇದೇ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗದು.

ಶಾಲೆಗಳಲ್ಲಿ ಈಗಾಗಲೇ ಇರುವ ಒಂದು ವಾದ್ಯವನ್ನು ಯಾರೂ ವಾದ್ಯವೆಂದು ಲೆಕ್ಕಿಸುವುದಿಲ್ಲ: ಆಗಸ್ಟ್ ಹದಿನೈದಕ್ಕೆ ಬೀರುವಿನಿಂದ ಹೊರಬರುವ ಬ್ಯೂಗಲ್. ಅದಕ್ಕೆ ಗುಂಡಿಗಳಿಲ್ಲ, ರಂಧ್ರಗಳಿಲ್ಲ. ತುಟಿಯ ಬಿಗಿ, ಉಸಿರಿನ ಒತ್ತಡ ಇಷ್ಟರಿಂದಲೇ ಹುಡುಗ ಐದು ಸ್ವರ ಹುಡುಕಬೇಕು: ಸ, ಪ, ಮೇಲಿನ ಸ, ಅದರ ಮೇಲೆ ಗ, ಮತ್ತೆ ಪ. ಆ ಗಾಂಧಾರ ತಂಬೂರಿಯ ಸ್ವಯಂಭು ಗಾಂಧಾರವೇ. ಎರಡೂ ಆಧಾರನಾದದ ಐದನೆಯ ಅನುಸ್ವರ. ಒಂದು ಪಾಠದ ಹೊತ್ತಿನಲ್ಲಿ ತಂಬೂರಿಯನ್ನೂ ಬ್ಯೂಗಲನ್ನೂ ಅಕ್ಕಪಕ್ಕ ಇಟ್ಟು ಇದನ್ನು ಕೇಳಿಸುವ ಸಂಗೀತದ ಮೇಷ್ಟ್ರೋ ಪಿ.ಟಿ. ಮೇಷ್ಟ್ರೋ ಸಿಕ್ಕಿದರೆ ಆ ಮಕ್ಕಳು ಭಾಗ್ಯವಂತರು.

ಆರು ವರ್ಷದ ಕೈಗೆ ಮರದ ಬಿರಡೆ ತಿರುಗದು ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೇ ಪಿಟೀಲಿನ ಬಾಲದ ಹತ್ತಿರ ಸಣ್ಣ ತಿರುಪುಗಳಿವೆ; ಕಾಲು ಅಳತೆಯ, ಅರ್ಧ ಅಳತೆಯ ಪಿಟೀಲುಗಳಲ್ಲಿ ನಾಲ್ಕೂ ತಂತಿಗೆ ಅವನ್ನು ಹಾಕಿಸಿ. ಮೊದಲ ಕೆಲವು ತಿಂಗಳು ತಿರುಪಷ್ಟೇ, ಅದೂ ಒಂದೇ ತಂತಿಗೆ. ಕೈ ಬಲಿತ ಮೇಲೆ ಬಿರಡೆ. ತಂತಿ ಹರಿದೀತು. ಹರಿಯಲಿ, ಒಂದು ಜೊತೆ ಹೆಚ್ಚಿಗೆ ತಂದಿಡಿ, ಹೊಸದನ್ನು ಪೋಣಿಸುವುದನ್ನೂ ಮಗುವಿಗೇ ಹೇಳಿಕೊಡಿ. ವೀಣೆಯಲ್ಲಿ ಮೇಣದ ಮೇಲೆ 24 ಮೆಟ್ಟಿಲು ಕೂರಿಸುವ ಕೆಲಸ ನುರಿತವರದು, ಅದಕ್ಕೆ ಮಗು ಕೈಹಾಕಬಾರದು. ತಂತಿಗಳ ಸೂಕ್ಷ್ಮ ಶ್ರುತಿ ಅದಕ್ಕೆ ಖಂಡಿತ ಸಾಧ್ಯ. ಮೃದಂಗದವರಿಗೆ ಒಂದು ಸುಖವಿದೆ. ಎಡ ಮುಚ್ಚಿಗೆಗೆ ರವೆ ಕಲಸಿ ಮೆತ್ತುವುದನ್ನು ಯಾವ ಮಗುವೂ ಬೇಡ ಎಂದದ್ದಿಲ್ಲ. ಎಷ್ಟು ಮೆತ್ತಿದರೆ ನಾದ ಎಷ್ಟು ಇಳಿಯುತ್ತದೆ ಎಂದು ಅಲ್ಲೇ ಕೇಳಿಸಿಬಿಡಿ.

ಅಮೆರಿಕದಲ್ಲಿ, ಆಸ್ಟ್ರೇಲಿಯಾದಲ್ಲಿ ನೆಲೆಸಿದ ಕನ್ನಡದ ಮನೆಗಳ ಮಕ್ಕಳು ಮೈಸೂರಿನ, ಬೆಂಗಳೂರಿನ ಗುರುಗಳಿಂದ ಪರದೆಯ ಮೇಲೆ ಪಾಠ ಹೇಳಿಸಿಕೊಳ್ಳುತ್ತಾರೆ. 2020ರ ಲಾಕ್‌ಡೌನಿನಲ್ಲಿ ಇಲ್ಲಿನವರಿಗೂ ಅದೇ ಗತಿಯಾಯಿತು. ಪರದೆಯ ಪಾಠದಲ್ಲಿ ನಾದ ಒಡೆಯುತ್ತದೆ, ತಾಳ ಒಂದು ಎಣಿಕೆ ಹಿಂದೆ ಬೀಳುತ್ತದೆ, ಗುರುವಿನ ಜೊತೆಗೆ ನುಡಿಸುವ ಸುಖವಿಲ್ಲ. ಆದರೂ ಒಂದು ಉಪಕಾರ ಆಯಿತು: ಗುರುಗಳ ಕೈ ಬಿರಡೆಗೆ ಎಟುಕಲಿಲ್ಲ. "ಸ್ವಲ್ಪ ಏರಿಸು, ಹೆಚ್ಚಾಯ್ತು, ಇಳಿಸು, ಈಗ ನೀನೇ ಕೇಳು" ಎಂದು ಬಾಯಿಮಾತಿನಲ್ಲೇ ಹೇಳಬೇಕಾಯಿತು. ಹಾಗೆ ಕಲಿತ ಮಕ್ಕಳು ಇಂದು ವಾದ್ಯ ಹೊರತೆಗೆದು ಯಾರಿಗೂ ಕಾಯದೆ ಶ್ರುತಿಗೆ ಕೂರುತ್ತಾರೆ. ಎದುರಿಗೇ ಕೂರಿಸಿಕೊಂಡು ಪಾಠ ಹೇಳುವವರೂ ಇದನ್ನು ಮಾಡಬಹುದು, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರಾಯಿತು.

ಕೊನೆಗೆ ಪರೀಕ್ಷೆ ನಡೆಸುವವರಲ್ಲಿ ಒಂದು ಬೇಡಿಕೆ. ಜೂನಿಯರ್, ಸೀನಿಯರ್ ಇರಲಿ, ಧಾರವಾಡ, ಬೆಳಗಾವಿ ಕಡೆ ಮಕ್ಕಳು ಕಟ್ಟುವ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳಿರಲಿ, ಪರೀಕ್ಷೆಯ ಕೋಣೆಯ ಹೊರಗೆ ಗುರುಗಳೇ ವಾದ್ಯಗಳನ್ನು ಶ್ರುತಿ ಮಾಡಿ ಒಳಗೆ ಕಳಿಸುವುದನ್ನು ಎಲ್ಲರೂ ನೋಡಿದ್ದೇವೆ. ಪರೀಕ್ಷೆಯಲ್ಲಿ ಕೇಳುವುದನ್ನೇ ಮೇಷ್ಟ್ರು ಕಲಿಸುತ್ತಾರೆ, ತಂದೆತಾಯಿ ಅದಕ್ಕೇ ಒತ್ತಾಯಿಸುತ್ತಾರೆ. ಹಾಗಿದ್ದ ಮೇಲೆ ಪರೀಕ್ಷಕರು ಒಂದು ತಂತಿಯನ್ನು ಇಳಿಸಿ ಮಗುವಿನ ಕೈಗೆ ಕೊಟ್ಟು ಸರಿಮಾಡು ಎನ್ನಲಿ. ಐದು ಅಂಕ, ಮೂರು ನಿಮಿಷ, ಮೊಬೈಲು ಹೊರಗೆ. ಪಿಟೀಲಿಗೆ ಮಧ್ಯದ ಪಂಚಮ, ವೀಣೆಗೆ ಸಾರಣೆ, ತಬಲಾಕ್ಕೆ ಇಳಿದ ಒಂದು ಮನೆ, ಮೃದಂಗಕ್ಕೆ ರವೆಯ ಹದ. ಪ್ರಶ್ನೆಪತ್ರಿಕೆ ಅಚ್ಚು ಹಾಕಿಸುವ ಖರ್ಚೂ ಇಲ್ಲ, ಬರುವ ಪರೀಕ್ಷೆಯಿಂದಲೇ ಶುರುಮಾಡಬಹುದು.