ಐನೂರೈವತ್ತು ಆನೆಗಳು: ವಿಜಯನಗರದ ನಿಧಿ ಐತಿಹ್ಯಗಳ ಓದು

ವಿಜಯನಗರದ ಪತನವನ್ನು ಕುರಿತ ಜನಪ್ರಿಯ ಬರವಣಿಗೆಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಮರುಕಳಿಸುತ್ತದೆ. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ಅಳಿಯ ರಾಮರಾಯನು ಹತನಾದ ಮೇಲೆ ಅವನ ತಮ್ಮ ತಿರುಮಲನು ಸದಾಶಿವರಾಯನನ್ನು ಕರೆದುಕೊಂಡು, ಬೊಕ್ಕಸವನ್ನು 550 ಆನೆಗಳ ಮೇಲೆ ಹೇರಿಸಿ ಪೆನುಗೊಂಡೆಯತ್ತ ಹೊರಟನೆಂಬುದೇ ಆ ಚಿತ್ರ. ಇದನ್ನು ಆಧುನಿಕ ಓದುಗರಿಗೆ ಮುಟ್ಟಿಸಿದವನು ರಾಬರ್ಟ್ ಸಿವೆಲ್. 1900ರಲ್ಲಿ ಪ್ರಕಟವಾದ ‘ಎ ಫರ್ಗಾಟನ್ ಎಂಪೈರ್’ ಕೃತಿಯಲ್ಲಿ ಅವನು ಆ ಸಂಪತ್ತಿನ ಬೆಲೆಯನ್ನು ಹತ್ತು ಕೋಟಿ ಪೌಂಡಿಗೂ ಮಿಗಿಲೆಂದು ಹೇಳುತ್ತಾನೆ. ಓಡಿಹೋಗಲಾರದ ನಗರವಾಸಿಗಳು ತಮ್ಮ ಐಶ್ವರ್ಯವನ್ನು ಹೂತಿಟ್ಟು ಕಾದು ಕುಳಿತರೆಂದೂ ಸೇರಿಸುತ್ತಾನೆ. ಈ ಎರಡನೆಯ ಮಾತಿನಲ್ಲಿ ಕೇಳಿಸುವುದು ಸಾಕ್ಷಿಯ ಧ್ವನಿಗಿಂತ ಹೆಚ್ಚಾಗಿ ಕಾದಂಬರಿಕಾರನ ಧ್ವನಿ. ಆದರೂ ಇದು ಚರಿತ್ರೆ; ಇದೇ ಮಾತನ್ನು ಆನೆಗೊಂದಿಯ ಕಡೆಯ ಕುರಿಗಾಹಿಯೊಬ್ಬ ಹೇಳಿದರೆ ಅದು ‘ನಿಧಿ ಕುರಿತ ನಂಬಿಕೆ’. ನಮ್ಮ ಜಾನಪದ ಸಂಗ್ರಹಗಳು ಈ ವಿಂಗಡಣೆಯನ್ನು ಪ್ರಶ್ನಿಸದೆ ಒಪ್ಪಿಕೊಂಡಿವೆ ಎಂಬುದು ನನ್ನ ಮೊದಲ ಆಕ್ಷೇಪ.

ವಿದೇಶಿ ಪ್ರವಾಸಿಗಳ ಬರಹಗಳನ್ನು ಜಾನಪದ ವಿದ್ಯಾರ್ಥಿಯ ಕಣ್ಣಿನಿಂದ ಓದಿದರೆ ಈ ಗೆರೆ ಅಳಿಸಿಹೋಗುತ್ತದೆ. 1443ರಲ್ಲಿ ಬಂದ ಅಬ್ದುಲ್ ರಜಾಕನು ಅರಸನ ಖಜಾನೆಯ ಕೋಣೆಗಳಲ್ಲಿ ಗುಂಡಿಗಳಿದ್ದು, ಅವುಗಳಲ್ಲಿ ಕರಗಿಸಿ ಹೊಯ್ದ ಚಿನ್ನ ಒಂದೇ ಗಟ್ಟಿಯಾಗಿ ನಿಂತಿತ್ತೆಂದು ಬರೆದ. ಕೃಷ್ಣದೇವರಾಯನ ಕಾಲದ ಡೊಮಿಂಗೊ ಪಾಯಸನು ಇನ್ನೂ ಮುಂದೆ ಹೋಗುತ್ತಾನೆ. ಅವನ ಪ್ರಕಾರ ಪ್ರತಿಯೊಬ್ಬ ಅರಸನ ಭಂಡಾರವನ್ನು ಅವನ ಮರಣಾನಂತರ ಬೀಗ ಹಾಕಿ ಮುದ್ರೆಯೊತ್ತಲಾಗುತ್ತಿತ್ತು. ಒಳಗೇನಿದೆಯೆಂಬುದು ಪಟ್ಟಕ್ಕೆ ಬಂದವನಿಗೂ ತಿಳಿಯದು. ಮಹಾ ಸಂಕಟ ಒದಗಿದ ಹೊರತು ಅದನ್ನು ತೆರೆಯುವಂತಿಲ್ಲ. ಯಾರೂ ಕಾಣಲಾಗದೆಂದು ಹೇಳುವ ಲೇಖಕ ತಾನೂ ಅದನ್ನು ಕಂಡಿರಲಾರ, ಕೇಳಿರಬೇಕು. ‘ತೆರೆಯಬಾರದ ಕೋಣೆ’ಯ ಆಶಯ ಜನಪದ ಕಥೆಗಳ ಅಭ್ಯಾಸಿಗಳಿಗೆ ಹೊಸದಲ್ಲ. ಪಾಯಸನು ದಾಖಲಿಸಿದ್ದು ಆಡಳಿತದ ಪದ್ಧತಿಯೂ ಆಗಿರಬಹುದು, ರಾಜಧಾನಿಯ ಬಾಯಿಮಾತೂ ಆಗಿರಬಹುದು. ಬಹುಶಃ ಎರಡೂ ಬೆರೆತಿರಬಹುದು. ವಿದ್ಯಾರಣ್ಯರು ಸುವರ್ಣವೃಷ್ಟಿ ಕರೆಸಿದರೆಂಬ ಐತಿಹ್ಯವನ್ನು ಇದರೊಡನೆ ಇಟ್ಟು ನೋಡಬೇಕು. ಚಿನ್ನದ ಮಳೆಯಿಂದ ಆರಂಭವಾದ ಪಟ್ಟಣದ ಕಥೆಗೆ ಚಿನ್ನ ಹೊತ್ತ ಆನೆಗಳ ಸಾಲಿನಲ್ಲದೆ ಬೇರೆ ಮುಕ್ತಾಯ ಹೊಂದುವುದಿಲ್ಲ.

ಸಿವೆಲ್‌ನ ಅದೇ ಪುಟಗಳಲ್ಲಿ ಇನ್ನೊಂದು ಮಾತಿದೆ. ಅನಾಥವಾದ ನಗರವನ್ನು ಮೊದಲು ಸುಲಿದವರು ಬ್ರಿಂಜಾರಿ, ಲಂಬಾಡಿ, ಕುರುಬ ಮೊದಲಾದವರ ಗುಂಪುಗಳು ಎಂದು ಅವನು ಬರೆಯುತ್ತಾನೆ. ಬಣಜಾರರು ಮೊಘಲ್ ಸೈನ್ಯಗಳಿಗೆ ದವಸ ಸಾಗಿಸುತ್ತ ದಖ್ಖನಿಗೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 17ನೆಯ ಶತಮಾನದಲ್ಲಿ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದ ಆಡಳಿತದಲ್ಲಿ ಅಧಿಕಾರಿಯಾಗಿದ್ದವನ ಲೇಖನಿಯಿಂದ ಬಂದ ಈ ಪಟ್ಟಿಯನ್ನು ನಮ್ಮವರು ಪರಿಶೀಲಿಸದೆ ಕನ್ನಡಕ್ಕಿಳಿಸಿದ್ದು ವಿಷಾದಕರ. ಕಳೆದುಹೋದ ನಿಧಿಯ ಕಥೆ ತನಗೊಬ್ಬ ಕಳ್ಳನನ್ನೂ ಹುಡುಕಿಕೊಳ್ಳುತ್ತದೆ.

ನಿಜವಾಗಿ ಆ ಸಂಪತ್ತು ಏನಾಯಿತು? ಉತ್ತರ ಸಪ್ಪೆಯಾದದ್ದು. ಗೆದ್ದ ಸುಲ್ತಾನರು ಆನೆಗಳನ್ನು ಮಾತ್ರ ತಮಗಿಟ್ಟುಕೊಂಡು, ಉಳಿದ ಕೊಳ್ಳೆಯನ್ನು ಪಡೆದವರಿಗೇ ಬಿಟ್ಟರೆಂದೂ, ಸಾಮಾನ್ಯ ಸೈನಿಕನೂ ಸಿರಿವಂತನಾದನೆಂದೂ ಫೆರಿಶ್ತಾ ಹೇಳುತ್ತಾನೆ. ಪೆನುಗೊಂಡೆಗೆ ಹೋದದ್ದು ಅರವೀಡು ಮನೆತನದ ಆಡಳಿತಕ್ಕೂ ದಂಡಿಗೂ ವ್ಯಯವಾಗಿರಬೇಕು. ಆ ವಂಶ ಚಂದ್ರಗಿರಿ, ವೇಲೂರುಗಳಿಗೆ ನೆಲೆ ಬದಲಿಸುತ್ತ 17ನೆಯ ಶತಮಾನದ ನಡುಭಾಗದವರೆಗೆ ಉಳಿಯಿತು. 1567ರಲ್ಲಿ ಬಂದ ಸೀಸರ್ ಫ್ರೆಡರಿಕ್ ಕಂಡದ್ದು ನಿಂತಿದ್ದ ಬರಿದು ಮನೆಗಳನ್ನು. ಹೀಗೆ ಚದುರಿಹೋದ ಹಣಕ್ಕೆ ಕಥೆಯಿಲ್ಲ. ಹೂತಿಟ್ಟ ಹಣಕ್ಕೆ ಮಾತ್ರ ಕಥೆಯಿದೆ.

ಹಂಪಿ, ಆನೆಗೊಂದಿ, ಕಮಲಾಪುರ ಪರಿಸರದಲ್ಲಿ ಕ್ಷೇತ್ರಕಾರ್ಯ ಮಾಡಿದವರಿಗೆ ಆ ಕಥೆಯ ಸಾಮಗ್ರಿ ಪರಿಚಿತ: ಕೊಪ್ಪರಿಗೆ ಹೊನ್ನು, ಸರ್ಪದ ಕಾವಲು, ಅಂಜನ ಹಾಕಿ ನೋಡುವವರು, ಬಲಿ. ಶಾಸನದ ಅಚ್ಚು ತೆಗೆಯಲು ಕುಂಚ ಹಿಡಿದು ಕುಳಿತಾಗ “ಇದ್ರಾಗ ರೊಕ್ಕ ಎಲ್ಲಿಟ್ಟಾರಂತ ಬರದೈತೇನ್ರಿ ಸರ?” ಎಂಬ ಪ್ರಶ್ನೆ ತಪ್ಪಿದ್ದಲ್ಲ. ನಾವು ನಕ್ಕು ಬಿಡುತ್ತೇವೆ. ವಾಸ್ತವವಾಗಿ ವಿಜಯನಗರ ಕಾಲದ ದಾನಶಾಸನಗಳಲ್ಲಿ ನಿಧಿಯ ಮಾತು ಇದ್ದೇ ಇದೆ. ಅಷ್ಟಭೋಗ ತೇಜಸ್ವಾಮ್ಯದ ಎಂಟು ಹಕ್ಕುಗಳಲ್ಲಿ ನಿಧಿ, ನಿಕ್ಷೇಪ ಎರಡೂ ಸೇರಿವೆ. ಅದು ನಿಧಿಯಿರುವ ಜಾಗದ ಸೂಚನೆಯಲ್ಲ, ಸಿಕ್ಕರೆ ಯಾರದೆಂಬ ನಿರ್ಣಯ. ಕೇಳಿದವನ ಊಹೆ ಪೂರ್ತಿ ತಪ್ಪಲ್ಲವೆಂಬುದನ್ನು ಅವನಿಗೆ ವಿವರಿಸುವ ತಾಳ್ಮೆ ನಮಗಿರಲಿಲ್ಲ.

ಈ ಐತಿಹ್ಯಗಳ ರಚನೆಯಲ್ಲಿ ಗಮನಿಸಬೇಕಾದದ್ದು ಅವುಗಳ ಉತ್ತರಾರ್ಧ. ನಾನು ಕೇಳಿದ ಬಹುಪಾಲು ಕಥನಗಳಲ್ಲಿ ನಿಧಿ ಕೈಗೆ ಸಿಗುವುದಿಲ್ಲ. ಅಗೆದವನ ಕಣ್ಣು ಹೋಗುತ್ತದೆ, ಇಲ್ಲವೆ ವಂಶ ನಿಲ್ಲುತ್ತದೆ. ಕೊಪ್ಪರಿಗೆಯಲ್ಲಿ ಇದ್ದಿಲು ದೊರೆಯುತ್ತದೆ. ಅಂದರೆ ಇವು ನಿಷೇಧದ ಕಥನಗಳು. ನಿಧಿಗಳ್ಳನು ಪೂರ್ವಾರ್ಧವನ್ನು ಮಾತ್ರ ನಂಬುತ್ತಾನೆ. ಸಂಗ್ರಾಹಕರಾದ ನಾವೂ ಒಂದು ರೀತಿಯಲ್ಲಿ ಅದನ್ನೇ ಮಾಡಿದ್ದೇವೆ. ಸ್ಥಳನಾಮ, ಆಶಯ, ವಕ್ತೃವಿನ ವಯಸ್ಸು ನಮೂದಿಸಿ, ಕಥೆಯನ್ನು ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಎಚ್ಚರಿಕೆಯಾಗಿ ಹೇಳಿದರೆಂಬುದನ್ನು ಕೈಬಿಟ್ಟಿದ್ದೇವೆ.

ಇದು ಕೇವಲ ವಿಧಾನದ ಚರ್ಚೆಯಲ್ಲ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನ ಗಡ್ಡೆಯಲ್ಲಿ ವ್ಯಾಸರಾಯರ ವೃಂದಾವನವನ್ನು ನಿಧಿಯಾಸೆಯಿಂದ ಒಡೆದು ಅಗೆದರು. ವ್ಯಾಸರಾಯರು ವೃಂದಾವನಸ್ಥರಾದದ್ದು 1539ರಲ್ಲಿ, ಯುದ್ಧಕ್ಕೆ 26 ವರ್ಷ ಮೊದಲು. ಅಲ್ಲದೆ ಅದು ಸನ್ಯಾಸಿಯ ಸಮಾಧಿ. ಕಾಲದ ಲೆಕ್ಕವಾಗಲಿ ಆಶ್ರಮದ ವಿವೇಕವಾಗಲಿ ಗುದ್ದಲಿಗೆ ತಿಳಿಯದು. ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕೆಂಬ ಕಾನೂನು 1878ರಿಂದಲೇ ಬಂದಿದೆ. ನಿಧಿಗಾಗಿ ನಡೆಸುವ ವಾಮಾಚಾರವನ್ನು ಕರ್ನಾಟಕದ 2017ರ ಕಾಯಿದೆ ಅಪರಾಧವೆಂದು ಎಣಿಸುತ್ತದೆ. ಆದರೂ ನಾಡಿನ ಎಷ್ಟೋ ಹಾಳುಗುಡಿಗಳಲ್ಲಿ ನಂದಿಯ ತಲೆ ಹಾರಿದೆ, ಲಿಂಗದ ಪೀಠ ಮಗುಚಿದೆ.

ನನ್ನ ಸಂಗ್ರಹದ ಹಸ್ತಪ್ರತಿಯಲ್ಲಿ ನಿಧಿ ಐತಿಹ್ಯಗಳಿಗೆ ಊರಿನ ಹೆಸರನ್ನು ಕೊಟ್ಟು, ಬಂಡೆ, ಗುಡಿ, ಬಾವಿಗಳ ಗುರುತನ್ನು ಬಿಟ್ಟಿದ್ದೆ. ಸ್ಥಳ ನಿರ್ದೇಶನವಿಲ್ಲದ ಐತಿಹ್ಯ ಅಪೂರ್ಣ ದಾಖಲೆಯೆಂದು ಹಿರಿಯ ವಿದ್ವಾಂಸರೊಬ್ಬರು ಆಕ್ಷೇಪಿಸಿದರು. ಶಾಸ್ತ್ರದೃಷ್ಟಿಯಿಂದ ಅವರ ಮಾತು ಸರಿ. ಐತಿಹ್ಯವನ್ನು ಕಥೆಯಿಂದ ಬೇರ್ಪಡಿಸುವುದೇ ನೆಲದ ನಂಟು. ಆ ವಿವರಗಳು ಈಗ ಪ್ರತ್ಯೇಕ ಪುಸ್ತಕದಲ್ಲಿವೆ. ಸಂಶೋಧಕರು ಬಂದು ಕೇಳಿದರೆ ತೋರಿಸುತ್ತೇನೆ, ಅಚ್ಚಿಗೆ ಕೊಡುವುದಿಲ್ಲ.