ನಾಡಿಯ ನಡೆ

ಸ್ಮಾರ್ಟ್ ವಾಚಿನ ಅಂದವೆಲ್ಲ ಅದರ ಬೆನ್ನಲ್ಲಿದೆ. ಮುಖ ನೋಡಿ ಮೆಚ್ಚುವಂಥದ್ದು ಹೆಚ್ಚೇನಿಲ್ಲ. ಮೊಬೈಲಿನಿಂದ ಕತ್ತರಿಸಿ ತಂದಂಥ ಒಂದು ಚೂರು ಗಾಜು, ಅದರೊಳಗೆ ಅವಸರದ ಅಂಕಿಗಳು. ರಾತ್ರಿ ದೀಪ ಆರಿಸಿದ ಮೇಲೆ ಕೈಯಿಂದ ಬಿಚ್ಚಿ ಮಗುಚಿ ಹಿಡಿದು ನೋಡಬೇಕು. ನಡುವೆ ಪುಟ್ಟ ಹಸಿರು ದೀಪಗಳು ಮಿನುಗುತ್ತಿರುತ್ತವೆ, ಮಲೆನಾಡಿನ ಮಿಣುಕುಹುಳವೊಂದು ದಾರಿ ತಪ್ಪಿ ಜಯನಗರದ ಹಾಸಿಗೆಯ ಮೇಲೆ ಬಂದು ಕೂತಂತೆ.

ಹಸಿರೇ ಏಕೆ ಎಂದು ಕೇಳಿದರೆ ಉತ್ತರವೂ ಸೊಗಸಾಗಿದೆ. ರಕ್ತ ನಮ್ಮ ಕಣ್ಣಿಗೆ ಕೆಂಪಾಗಿ ಕಾಣುವುದು ಅದು ಹಸಿರನ್ನು ನುಂಗಿ ಕೆಂಪನ್ನು ಬಿಟ್ಟುಕೊಡುವುದರಿಂದ. ಹೃದಯ ಒಮ್ಮೆ ಒತ್ತಿದಾಗ ಚರ್ಮದಡಿಯ ಸಣ್ಣ ನಾಳಗಳು ತುಸು ತುಂಬಿಕೊಳ್ಳುತ್ತವೆ, ಆಗ ಹೆಚ್ಚು ಹಸಿರು ಒಳಗೇ ಉಳಿಯುತ್ತದೆ. ಬಡಿತ ಇಳಿದಾಗ ನಾಳ ತೆಳುವಾಗಿ ಬೆಳಕು ಮರಳಿ ಬರುತ್ತದೆ. ದೀಪದ ಪಕ್ಕದಲ್ಲಿರುವ ಕಣ್ಣು ಆ ಹೆಚ್ಚುಕಡಿಮೆಯನ್ನು ಹಿಡಿದು ಗೆರೆಯಾಗಿ ಬರೆಯುತ್ತದೆ. ಸೂಜಿಯಿಲ್ಲ, ತಂತಿಯಿಲ್ಲ, ಮೈಗೆ ಗೊತ್ತೂ ಆಗುವುದಿಲ್ಲ. ಕೋವಿಡ್ ಕಾಲದಲ್ಲಿ ಮೆಡಿಕಲ್ ಶಾಪಿನಿಂದ ತಂದು ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ಇದರದೇ ಕುಲ. ಜಪಾನಿನ ತಕುಒ ಅಒಯಾಗಿ 1974ರಲ್ಲಿ ಮುಂದಿಟ್ಟ ಉಪಾಯ ಅದು. ಅಲ್ಲಿ ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಅವಕೆಂಪು ಸೇರಿ ರಕ್ತದ ಆಮ್ಲಜನಕವನ್ನು ಅಳೆಯುತ್ತವೆ. ವಾಚುಗಳಲ್ಲೂ ಆ ಕೆಂಪು ದೀಪ ಆಗಾಗ ಬೆಳಗಿ ಆರುತ್ತದೆ. ಆದರೂ ರಸ ಹಸಿರಿನಲ್ಲೇ.

ಈ ದೀಪದ ಮನಸ್ಸು ಬಲು ನಾಜೂಕು. ಪಟ್ಟಿ ಸಡಿಲವಾದರೆ ಹೊರಗಿನ ಬೆಳಕು ನುಗ್ಗಿ ಲೆಕ್ಕ ಕೆಡಿಸುತ್ತದೆ. ಬಿಗಿಯಾದರೆ ನಾಳ ಅಮುಕಿಹೋಗುತ್ತದೆ. ಮಣಿಕಟ್ಟಿನ ಮೂಳೆಗಿಂತ ಬೆರಳಗಲ ಮೇಲಕ್ಕೆ ಕಟ್ಟಿದರೆ ಅದಕ್ಕೆ ಹಿತ. ಹಚ್ಚೆಯ ಮಸಿ ಅಡ್ಡಬಂದರೆ ಏನೂ ಕಾಣದು. ಧನುರ್ಮಾಸದ ಬೆಳಗ್ಗೆ ಸ್ವೆಟರ್ ಹಾಕಿಕೊಂಡು ಲಾಲ್‌ಬಾಗಿನ ಗೇಟು ಹೊಕ್ಕವರನ್ನು ಕೇಳಿ: ಚಳಿಗೆ ಚರ್ಮದ ನಾಳಗಳು ಮುದುಡಿರುತ್ತವೆ, ವಾಚು ಒಂದಿಷ್ಟು ಹೊತ್ತು ಏನೇನೋ ಹೇಳುತ್ತದೆ. 1889ರ ಗಾಜಿನಮನೆಯ ತನಕ ನಡೆದು ಮೈ ಕಾವೇರಿದ ಮೇಲೆಯೇ ಅದರ ಮಾತು ನೆಟ್ಟಗಾಗುವುದು. ಧನುರ್ಮಾಸದ ಹುಗ್ಗಿ ತಿಂದು ಬಂದವರಿಗೆ ಇನ್ನೂ ಬೇಗ ಎಂದು ನನ್ನ ಗುಮಾನಿ.

ನಾಡಿಯನ್ನು ಎಣಿಸಬೇಕು ಎಂಬ ಹಟ ಅಷ್ಟೇನೂ ಹಳೆಯದಲ್ಲ. ಇಂಗ್ಲೆಂಡಿನ ವೈದ್ಯ ಜಾನ್ ಫ್ಲೋಯರ್ ಸರಿಯಾಗಿ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರವನ್ನು ಮಾಡಿಸಿ, ನಾಡಿ ಎಣಿಸುವುದರ ಬಗ್ಗೆಯೇ ಒಂದು ಪುಸ್ತಕ ಬರೆದದ್ದು 1707ರಲ್ಲಿ. ಅದಕ್ಕೂ ಎಷ್ಟೋ ಹಿಂದಿನ ನಮ್ಮ ಶಾರ್ಙ್ಗಧರ ಸಂಹಿತೆಯಲ್ಲಿ ಎಣಿಕೆಯ ಮಾತಿಗೆ ಮಹತ್ವವಿಲ್ಲ. ಅಲ್ಲಿರುವುದು ಪ್ರಾಣಿಪಕ್ಷಿಗಳ ಚಲನೆ. ವಾತದ ನಾಡಿ ಹಾವಿನಂತೆ, ಜಿಗಣೆಯಂತೆ ಸರಿದಾಡುತ್ತದೆ. ಪಿತ್ತದ್ದು ಕಾಗೆಯಂತೆ, ಕಪ್ಪೆಯಂತೆ ಕುಪ್ಪಳಿಸುತ್ತದೆ. ಕಫದ್ದು ಹಂಸದ, ಪಾರಿವಾಳದ ಠೀವಿಯಲ್ಲಿ ಸಾಗುತ್ತದೆ. ಮೂರು ಬೆರಳನ್ನಿಟ್ಟು ಕಣ್ಣು ಮುಚ್ಚಿದ ವೈದ್ಯರಿಗೆ ಎಷ್ಟು ಎಂಬುದಕ್ಕಿಂತ ಹೇಗೆ ಎಂಬುದು ಮುಖ್ಯವಾಗಿತ್ತು. ಇದರಿಂದ ರೋಗ ಎಷ್ಟು ತಿಳಿಯುತ್ತಿತ್ತು ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಮಣಿಕಟ್ಟಿನೊಳಗೆ ಹಂಸ ನಡೆಯುವುದನ್ನು ಬೆರಳ ತುದಿಯಲ್ಲಿ ಕಂಡವರ ರಸಿಕತೆಗೆ ಮಾತ್ರ ತಲೆದೂಗುತ್ತೇನೆ.

ಸೋಜಿಗವೆಂದರೆ, ಎಣಿಸಿ ಎಣಿಸಿ ದಣಿದ ವಾಚೂ ಈಗ ನಡಿಗೆಯ ಕಡೆಗೇ ತಿರುಗಿದೆ. ನಿಮಿಷಕ್ಕೆ 60 ಬಡಿತ ಎಂದರೆ ಸೆಕೆಂಡಿಗೊಂದರಂತೆ ಅಳೆದಿಟ್ಟ ಬಡಿತ ಎಂದು ತಿಳಿಯಬಾರದು. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ 940 ಮಿಲಿಸೆಕೆಂಡು, ಅದರ ಮುಂದಿನದಕ್ಕೆ 1,050, ಹೀಗೆ ತುಯ್ಯುತ್ತಿರುತ್ತದೆ. ಉಸಿರು ಒಳಗೆಳೆದಾಗ ಹೃದಯ ತುಸು ಚುರುಕಾಗುತ್ತದೆ, ಹೊರಬಿಟ್ಟಾಗ ನಿಧಾನಿಸುತ್ತದೆ. ಈ ತೂಗಾಟವೇ ಹಾರ್ಟ್ ರೇಟ್ ವೇರಿಯಬಿಲಿಟಿ, ಚುಟುಕಾಗಿ ಎಚ್‌ಆರ್‌ವಿ. ವಿಶ್ರಾಂತಿಯಲ್ಲಿರುವ, ದಣಿವಿಲ್ಲದ ದೇಹದಲ್ಲಿ ಇದು ಹೆಚ್ಚು. ನಿದ್ದೆಗೆಟ್ಟರೆ, ಜ್ವರ ಬರುವಂತಿದ್ದರೆ, ಮನಸ್ಸು ಕುದಿಯುತ್ತಿದ್ದರೆ ಕಡಿಮೆ. ಗಡಿಯಾರದಷ್ಟು ಕರಾರುವಾಕ್ಕಾಗಿ ಬಡಿಯದೆ ಇರುವುದೇ ಹೃದಯದ ಸೌಖ್ಯ ಎಂದು ಒಂದು ಗಡಿಯಾರವೇ ಹೇಳುತ್ತಿದೆಯಲ್ಲ! ಪಾರ್ಕಿನ ಹುಲ್ಲಿನ ಮೇಲೆ ಚಾಪೆ ಹಾಸಿ ಪ್ರಾಣಾಯಾಮ ಮಾಡುವವರು ಒಮ್ಮೆ ಇದನ್ನು ಪರದೆಯ ಮೇಲೆ ನೋಡಬೇಕು. ಉಸಿರನ್ನು ಉದ್ದಕ್ಕೆ ಬಿಡುತ್ತಿದ್ದಂತೆ ಬಡಿತದ ಅಂಕಿ ಒಂದೊಂದೇ ಮೆಟ್ಟಿಲು ಇಳಿಯುತ್ತದೆ.

ಹತ್ತು ಸಾವಿರ ಹೆಜ್ಜೆಯ ಗೀಳಿನಲ್ಲಿ ಇಂಥ ರುಚಿಯಿಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಹುಮ್ಮಸ್ಸಿನಲ್ಲಿ ಮರುವರ್ಷ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಗಣಕ ಮಾರಲು ಹೊರಟಾಗ ಹುಟ್ಟಿದ ಅಂಕಿ ಅದು, ವ್ಯಾಪಾರದ ಕೂಸು. ಈಗ ಜೆ.ಪಿ. ನಗರದ ಮಿನಿ ಫಾರೆಸ್ಟಿನಲ್ಲಿ, ಸಾರಕ್ಕಿ ಕೆರೆಯ ಏರಿಯಲ್ಲಿ, ಮಾಧವನ್ ಪಾರ್ಕಿನಲ್ಲಿ ಅದೇ ಪಂಚಾಂಗ. "ಏನ್ ಸಾರ್, ಎಷ್ಟಾಯ್ತು?" "ಆರು ಸಾವಿರದ ಮುನ್ನೂರು. ಇನ್ನೊಂದೆರಡು ರೌಂಡು ಹಾಕಿಬಿಡ್ತೀನಿ." ಗೇಟಿನ ಹೊರಗೆ ಬೂದುಗುಂಬಳದ ರಸ, ಗರಿಕೆಯ ರಸ ಕುಡಿಯುವಾಗಲೂ ಮಾತು ಅದೇ. ವಾಚನ್ನು ಚಾರ್ಜಿಗಿಟ್ಟು ಮರೆತು ಹೊರಟ ಯಜಮಾನರನ್ನು ಬಾಗಿಲಲ್ಲೇ ತಡೆದು "ರೀ, ಹಂಗೇ ಹೋದ್ರೆ ನಡೆದಿದ್ದು ಲೆಕ್ಕಕ್ಕೇ ಬರಲ್ವಲ್ರೀ" ಎನ್ನುವ ಮನೆಗಳೂ ಇವೆ. ಕಾಲಿಗೆ ಬಂದದ್ದು ಕೈಗೆ ಬರಲಿಲ್ಲವಲ್ಲ ಎಂಬ ಕೊರಗು. ಇನ್ನು ತಾಸಿಗೊಮ್ಮೆ ಎದ್ದು ನಿಲ್ಲಿ ಎಂದು ಮಣಿಕಟ್ಟನ್ನು ತಿವಿಯುವ ಚಾಳಿ. ಸತ್ಯನಾರಾಯಣ ಪೂಜೆಗೆ ಕೂತವರಿಗೆ ಅದು ತಿವಿದಾಗ ಪುರೋಹಿತರ ಮುಖ ನೋಡಬೇಕು. ಆ ಸೌಲಭ್ಯವನ್ನು ಮೊದಲ ದಿನವೇ ಆಫ್ ಮಾಡಿಬಿಡುವುದು ಲೇಸು.

ಗೆರೆಯನ್ನು ನೋಡಿ, ಅಂಕಿಯನ್ನು ಬಿಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ದಿನದ ಕೊನೆಗೆ ಫೋನಿನಲ್ಲಿ ಬಿಚ್ಚಿಕೊಳ್ಳುವ ನಾಡಿಯ ಗೆರೆ ಈ ಬಡಾವಣೆಗಳ ಒಂದು ನಕ್ಷೆಯೇ ಸರಿ. ಲಾಲ್‌ಬಾಗಿನ ಬಂಡೆ ಹತ್ತಿದ್ದು ಚೂಪಾದ ಶಿಖರ. ಮುನ್ನೂರು ಕೋಟಿ ವರ್ಷ ಹಳೆಯ ಆ ಶಿಲೆಯ ಮೇಲೆ ಕೆಂಪೇಗೌಡರ ಗೋಪುರದ ಬಳಿ ನಿಂತು ಸುಧಾರಿಸಿಕೊಂಡದ್ದು ಇಳಿಜಾರು. ಒಂದೆರಡು ನಿಮಿಷದಲ್ಲಿ ಈ ಇಳಿಜಾರು ಎಷ್ಟು ಕಡಿದಾಗಿದೆಯೋ ಅಷ್ಟು ಹೃದಯ ಪಳಗಿದೆ ಎಂದರ್ಥ. ಏರಿನ ಎತ್ತರಕ್ಕಿಂತ ಈ ಇಳಿತವನ್ನೇ ನಾನು ಹೆಚ್ಚು ಮೆಚ್ಚುತ್ತೇನೆ. ಬನಶಂಕರಿ ಬಸ್ ನಿಲ್ದಾಣದ ಎದುರು ರಸ್ತೆ ದಾಟಿದ್ದು ಮೊನಚಾದ ಮುಳ್ಳು. ಸಿಲ್ಕ್ ಬೋರ್ಡಿನ ಸಾಲಿನಲ್ಲಿ ಕಾರಿನೊಳಗೆ ಸುಮ್ಮನೆ ಕೂತಿದ್ದರೂ ಗೆರೆ ಮೇಲೆಯೇ ತೇಲುತ್ತಿರುತ್ತದೆ. ಫಿಲ್ಟರ್ ಕಾಫಿಗೆ ಒಂದು ಗುಡ್ಡವಾದರೂ ಏಳಬಹುದೆಂದು ಹುಡುಕಿದರೆ ನಿರಾಸೆ. ನಿತ್ಯ ಕುಡಿಯುವ ಮೈ ಅದಕ್ಕೆ ಹೊಂದಿಕೊಂಡಿದೆ.

ರಾತ್ರಿಯ ಗೆರೆ ಇನ್ನೂ ಚೆನ್ನ. ಹಗುರಾಗಿ ಉಂಡು ಹೊತ್ತಿಗೆ ಮಲಗಿದ ದಿನ ಅದು ಜಾರುತ್ತ ಜಾರುತ್ತ ಬೆಳಗಿನ ಜಾವಕ್ಕೆ ತಳ ಮುಟ್ಟುತ್ತದೆ. ಯುಗಾದಿಯ ರಾತ್ರಿಯ ಗೆರೆ ಹಾಗಿರದು. ಹೋಳಿಗೆ, ಮೇಲೆ ತುಪ್ಪ, ಅದರ ಮೇಲೆ ಬಾಯಿ ಚಪ್ಪರಿಸಿ ಇನ್ನೊಂದು ಹೋಳಿಗೆ. ಜೀರ್ಣದ ದುಡಿಮೆಗೆ ಹೃದಯ ನಡುರಾತ್ರಿಯವರೆಗೂ ಚಾಕರಿ ಮಾಡುತ್ತಿರುತ್ತದೆ. ಇದನ್ನು ನೋಡಿ ಹೋಳಿಗೆ ಬಿಡಬೇಕಾಗಿಲ್ಲ. ಹಬ್ಬ ಆಗಿದೆ ಎಂದು ಮೈ ಬರೆದುಕೊಟ್ಟ ರಸೀದಿ ಎಂದು ಇಟ್ಟುಕೊಂಡರಾಯಿತು. ನಿದ್ದೆಯನ್ನು ಆಳ, ಹಗುರ, ಕನಸು ಎಂದು ಬಣ್ಣಬಣ್ಣದ ಪಟ್ಟಿಗಳಾಗಿ ಹಂಚಿ ತೋರಿಸುವುದನ್ನು ಮಾತ್ರ ಅಷ್ಟಾಗಿ ನಂಬಬೇಡಿ. ಮಿದುಳಿನ ಅಲೆಗಳನ್ನು ನೋಡದೆ, ಕೈಯ ಅಲುಗಾಟ ಮತ್ತು ನಾಡಿಯಿಂದ ಮಾಡುವ ಊಹೆ ಅದು. ಎದೆನೋವು ಬಂದಾಗಲಂತೂ ವಾಚನ್ನು ನೋಡುತ್ತ ಕೂರಬಾರದು. ಅದರ ಇಸಿಜಿ ಬಡಿತದ ತಾಳ ತಪ್ಪಿದ್ದನ್ನು ಸೂಚಿಸಬಲ್ಲದೇ ಹೊರತು ಹೃದಯಾಘಾತವನ್ನು ಹಿಡಿಯಲಾರದು. ಜಯದೇವ ಆಸ್ಪತ್ರೆ ಇಲ್ಲೇ ಬನ್ನೇರುಘಟ್ಟ ರಸ್ತೆಯಲ್ಲಿದೆ, ಹೊರಟುಬಿಡಬೇಕು.

ವಾಚಿನೊಳಗೆ ಇನ್ನೊಂದು ಸೂಕ್ಷ್ಮ ಕುಳಿತಿದೆ, ಗಾಳಿಯ ಒತ್ತಡ ನೋಡುವ ಪುಟ್ಟ ಬ್ಯಾರೋಮೀಟರ್. ಮೂರು ಮೀಟರ್ ಏರಿದರೆ ಒಂದು ಮಹಡಿ ಎಂದು ಬರೆದುಕೊಳ್ಳುತ್ತದೆ. ರಾಗಿಗುಡ್ಡದ ಆಂಜನೇಯನ ಮೆಟ್ಟಿಲುಗಳು, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಓಡತೊಡಗಿದ ಮೇಲೆ ಜಯದೇವ ಮೆಟ್ರೋ ನಿಲ್ದಾಣದ ಮೆಟ್ಟಿಲುಗಳು, ಎಲ್ಲವೂ ಅದರ ಜಮೆಗೆ ಸೇರುತ್ತವೆ. ಆದರೆ ಏಪ್ರಿಲ್ ಸಂಜೆ ಮೋಡ ಕವಿದು, ಮಾವಿನ ಮಳೆ ಬರುವ ಮುನ್ನ ಒತ್ತಡ ಕುಸಿದಾಗ, ಸಮನೆಲದ ಮೇಲೆ ನಡೆಯುತ್ತಿದ್ದವರೂ ಒಂದೆರಡು ಮಹಡಿ ಹತ್ತಿದರೆಂದು ಅದು ತಿಳಿಯುವುದುಂಟು. ಮಳೆಯನ್ನು ಮೆಟ್ಟಿಲೆಂದು ಬಗೆಯುವ ಯಂತ್ರವನ್ನು ಬೈಯಲು ನನಗೆ ಮನಸ್ಸು ಬಾರದು.

ವಾಚಿನ ಊರು ನಮ್ಮದು. ಜಾಲಹಳ್ಳಿಯಲ್ಲಿ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಕೈಗಡಿಯಾರ ಮಾಡತೊಡಗಿತು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನ ಕೈಗೆ 'ಜನತಾ' ಏರುವುದು ಒಂದು ಸಂಸ್ಕಾರವೇ ಆಗಿತ್ತು. ಹದಿನೇಳು ಕಲ್ಲುಗಳ ಆ ಯಂತ್ರಕ್ಕೆ ದಿನಾ ಬೆಳಗ್ಗೆ ಕೀ ಕೊಡಬೇಕು, ಕಿವಿಗೆ ಹಿಡಿದರೆ ಸೆಕೆಂಡಿಗೆ ಐದರಂತೆ ಟಿಕ್‌ಟಿಕ್. ಈಗ ಹಳದಿ ಮಾರ್ಗದ ರೈಲು ಹತ್ತಿದರೆ ಟೈಟಾನ್ ಕಚೇರಿಯಿರುವ ಎಲೆಕ್ಟ್ರಾನಿಕ್ ಸಿಟಿಯ ತನಕ ಹೋಗಬಹುದು. ಅವರೂ ಸ್ಮಾರ್ಟ್ ವಾಚು ಮಾಡುತ್ತಾರೆ. ಆದರೆ ತಾತನ ಜನತಾ ಮೊಮ್ಮಗನ ಕೈಯಲ್ಲಿ ಇವತ್ತೂ ಓಡುತ್ತದೆ. ಸ್ಮಾರ್ಟ್ ವಾಚಿಗೆ ಆ ಭಾಗ್ಯವಿಲ್ಲ, ಕೆಲವೇ ವರ್ಷಗಳಲ್ಲಿ ಬ್ಯಾಟರಿ ಸೋಲುತ್ತದೆ. ಅದರ ಗಾಜಿನ ಮೇಲೆ ಹಳೆಯ ಮುಳ್ಳುಗಳ ಚಿತ್ರ ಬರೆಯುವುದನ್ನು ಕಂಡರೆ ನನಗಾಗದು. ಅಂಕಿಯ ಯಂತ್ರ ಅಂಕಿಯನ್ನೇ ತೋರಿಸಲಿ, ವೇಷ ಏಕೆ?

ಕೂತು ಸವಿಯುವ ಕಲೆಗಳ ಎದುರು ಸ್ಮಾರ್ಟ್ ವಾಚು ಹೇಗೆ ನಡೆದುಕೊಳ್ಳುತ್ತದೆ ಎಂಬುದೂ ನೋಡತಕ್ಕದ್ದೇ. ರಂಗಶಂಕರದಲ್ಲಿ ದೀಪ ಆರಿದ ಮೇಲೆ, ಫೋನು ಬಂದ್ ಆಗಿದ್ದರೂ, ಯಾರೋ ಕೆನ್ನೆಗೆ ಕೈ ಕೊಟ್ಟರೆ ಸಾಕು, ಮಣಿಕಟ್ಟು ಭಗ್ಗನೆ ಬೆಳಗುತ್ತದೆ. ಎರಡು ಸಾಲು ಹಿಂದಿನಿಂದ ಹಸಿ ಹಸಿ ಗದರಿಕೆ ಬರುತ್ತದೆ. ಅದಕ್ಕೆಂದೇ ಥಿಯೇಟರ್ ಮೋಡ್ ಇದೆ; ಅಕ್ಕಿರೊಟ್ಟಿ ತಿಂದು ಒಳಗೆ ಹೋಗುವಾಗ ಒತ್ತಿಕೊಳ್ಳಬೇಕು. ಸಂಗೀತದಲ್ಲಿ ತಮಾಷೆ ಬೇರೆ. ಹನುಮಜ್ಜಯಂತಿಯ ಕಚೇರಿಯಲ್ಲಿ ವಿಳಂಬದ ಆಲಾಪನೆ ಕೇಳುತ್ತಿದ್ದಾಗ ನನ್ನ ಗೆರೆ ಮಲಗಿದವರ ಗೆರೆಯಂತೆ ಹಾಸಿಕೊಂಡಿರುತ್ತದೆ, ಮೃದಂಗದ ತನಿಯಲ್ಲಿ ಕೂತಲ್ಲೇ ಎದ್ದುಬಿಡುತ್ತದೆ. ಹೆಜ್ಜೆ ಎಣಿಸುವ ಯಂತ್ರಕ್ಕೆ ಗೊತ್ತಾಗುವುದು ಕೈಯ ಲಯಬದ್ಧ ಅಲುಗಾಟವಷ್ಟೇ. ತೊಡೆಯ ಮೇಲೆ ಆದಿತಾಳ ಬೀಳುತ್ತಿದ್ದರೆ ಅದನ್ನು ನಡಿಗೆಯೆಂದು ಬರೆದುಕೊಳ್ಳಲು ಅಡ್ಡಿಯಿಲ್ಲ. ಪುಣ್ಯಕ್ಕೆ ತಾಳ ಹಾಕುವುದು ಬಲಗೈ, ವಾಚು ಇರುವುದು ಎಡಗೈಯಲ್ಲಿ. ಆದರೂ ತನಿ ಶುರುವಾಗುವ ಹೊತ್ತಿಗೆ ಸದ್ದಿಲ್ಲದೆ ವಾಚನ್ನು ಬಲಗೈಗೆ ಬದಲಾಯಿಸಿಕೊಳ್ಳುವ ಹಿರಿಯರೊಬ್ಬರು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಮೃದಂಗ ಖಂಡನಡೆಗೆ ತಿರುಗಿದರೂ ಅವರ ತಾಳ ಅಲುಗುವುದಿಲ್ಲ, ಹೆಜ್ಜೆಗಳು ಏರುತ್ತಲೇ ಇರುತ್ತವೆ.